ಉಂಗುರ ಯಾವ ತುದಿಗಿದೆ?

ಅಡುಗೆಮನೆಯ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಭಾವ ಕೋವಿಯನ್ನು ಅಡ್ಡ ಮಲಗಿಸಿದ್ದರು. ಪಕ್ಕದಲ್ಲಿ ಎಣ್ಣೆ ಡಬ್ಬಿ, ಹಳೇ ಬನಿಯನ್ನಿನ ತುಂಡು, ಎರಡು ಸ್ಕ್ರೂಡ್ರೈವರು. ಅಕ್ಕ ಒಲೆಯ ಕಡೆ ಮುಖ ಮಾಡಿಕೊಂಡೇ, 'ಊಟದ ಹೊತ್ತಿಗೆ ಆ ಮೇಜು ನನಗೆ ಬೇಕು' ಅಂದಳು. ಓಹಾಯೋದಲ್ಲಿರುವ ಅವರ ಮನೆಗೆ ನಾನು ಹೋಗಿ ಎರಡು ದಿನವಾಗಿತ್ತು. ಭಾವನಿಗೆ ಸ್ಕೀಟ್ ಆಟದ ಹುಚ್ಚು. ಎರಡು ಗೋಪುರಗಳಿಂದ ಚಿಮ್ಮುವ ಮಣ್ಣಿನ ತಟ್ಟೆಗಳನ್ನು ಗಾಳಿಯಲ್ಲೇ ಹೊಡೆದು ಪುಡಿ ಮಾಡುವ ಆಟ ಅದು. ಅದಕ್ಕೆಂದು ಅಂಗಡಿಯೊಂದರ ಹಳೇ ಕೋವಿಗಳ ಸಾಲಿನಿಂದ ಇದನ್ನು ಆರಿಸಿ ತಂದಿದ್ದರು.

'ಮೊದಲನೇ ಈಡು ಸರಿಯಾಗೇ ಹಾರುತ್ತೆ ಮಾರಾಯ. ಎರಡನೇದಕ್ಕೆ ಟ್ರಿಗರ್ ಎಳೆದರೆ ಏನೂ ಇಲ್ಲ. ನೋಡಿದರೆ ಖಾಲಿ ತೋಟೆ ಅರ್ಧ ಒಳಗೆ, ಅರ್ಧ ಹೊರಗೆ.'

'ಏನು ಮಾಡಿದಿರಿ ಭಾವ?'

'ಎಣ್ಣೆ ಹಾಕಿದೆ. ಇನ್ನೇನು ಮಾಡ್ತಾರೆ?'

ನಿಜ, ನಾವೆಲ್ಲ ಮಾಡುವುದೂ ಅದನ್ನೇ. ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಅಂದ ಕೂಡಲೇ ಮೂಗಿಗೆ ಬರುವುದು ಎಣ್ಣೆಯ ವಾಸನೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಇಳಿಸಿ, ಒರೆಸಿ, ಎಣ್ಣೆ ಸವರಿ, ಸಾಲಾಗಿ ನಿಲ್ಲಿಸಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿಕೊಂಡೇ ದೊಡ್ಡವನಾದೆ. ಆದರೆ ಅಲ್ಲಿನವು ಹೆಚ್ಚಾಗಿ ಒಂಟಿ ನಳಿಗೆಯವು ಇಲ್ಲವೇ ಜೋಡು ನಳಿಗೆಯವು. ಮುರಿದು ತೆರೆದು ತೋಟೆ ಇಡುತ್ತೇವೆ, ಮುಚ್ಚುತ್ತೇವೆ, ಈಡು ಹೊಡೆದ ಮೇಲೆ ಮತ್ತೆ ತೆರೆದು ಖಾಲಿ ತೋಟೆ ತೆಗೆಯುತ್ತೇವೆ. ಕೆಲಸವೆಲ್ಲ ನಮ್ಮ ಕೈಯದೇ. ಹೆಚ್ಚು ಎಣ್ಣೆ ಹಾಕಿದರೆ ಆ ಕೋವಿಗೆ ಅಂಥ ತೊಂದರೆಯಿಲ್ಲ, ನಮ್ಮ ಅಂಗಿ ಕೊಳೆಯಾಗುತ್ತದೆ, ಅಷ್ಟೆ. ಮೇಜಿನ ಮೇಲಿದ್ದದ್ದು ಬೇರೆ ಜಾತಿ. ಒಂದು ಈಡಿನ ಹಿಮ್ಮೆಟ್ಟುವ ಬಲವನ್ನೇ ಬಳಸಿಕೊಂಡು ಖಾಲಿ ತೋಟೆಯನ್ನು ಹೊರಗೆಸೆದು, ಹೊಸದನ್ನು ತಾನೇ ಒಳಗೆ ತೆಗೆದುಕೊಳ್ಳುವ ಅರೆಸ್ವಯಂಚಾಲಿತ ಕೋವಿ. ಬೆಲ್ಜಿಯಂನಲ್ಲಿ ತಯಾರಾದ, ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಬ್ರೌನಿಂಗ್ ಆಟೋ-5, ಹದಿನಾರು ಬೋರು.

ಹಿಂಭಾಗದಲ್ಲಿ ಚೌಕನೆಯ ಗೂನು ಇರುವುದರಿಂದ ಅಮೆರಿಕದ ಹಳೇ ಬೇಟೆಗಾರರು ಇದನ್ನು ಗೂನುಬೆನ್ನಿನ ಕೋವಿ ಎಂದೇ ಕರೆಯುತ್ತಾರೆ. ಇದನ್ನು ರೂಪಿಸಿದ ಜಾನ್ ಮೋಸೆಸ್ ಬ್ರೌನಿಂಗ್ 1855ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಹುಟ್ಟಿದವನು. ಅಪ್ಪನೂ ಕೋವಿ ಕಮ್ಮಾರ. 1883ರಿಂದ ವಿಂಚೆಸ್ಟರ್ ಕಂಪನಿಗೆ ಒಂದರ ಹಿಂದೊಂದು ವಿನ್ಯಾಸ ಮಾರುತ್ತ ಬಂದವನು, ಈ ಕೋವಿಯ ವಿಷಯದಲ್ಲಿ ಮಾತ್ರ ಬೇರೆ ಮಾತಾಡಿದ: ಒಂದೇ ಗಂಟಿಗೆ ಮಾರುವುದಿಲ್ಲ, ಮಾರಾಟವಾಗುವ ಪ್ರತಿ ಕೋವಿಗೂ ರಾಯಧನ ಕೊಡಿ. ವಿಂಚೆಸ್ಟರ್ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋಗಿ ಕಾದು ಕೂತಿದ್ದಾಗ ಒಳಗಿನಿಂದ ಬಂದ ಸುದ್ದಿ, ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂಬುದು. ಬ್ರೌನಿಂಗ್ ಮಾದರಿ ಕೋವಿ ಹಿಡಿದು ಹಡಗು ಹತ್ತಿದ. ಬೆಲ್ಜಿಯಂನ ಲಿಯೇಜ್ ಬಳಿಯ ಹೆರ್ಸ್ಟಾಲ್‌ನಲ್ಲಿದ್ದ ಎಫ್‌ಎನ್ ಕಾರ್ಖಾನೆ ಕೈ ಹಿಡಿಯಿತು. ರೆಮಿಂಗ್ಟನ್ನೂ ಪರವಾನಗಿ ಪಡೆದು 1905ರಿಂದ ಇದನ್ನೇ ತಯಾರಿಸಿತು, ಮುಂದೆ ಅದಕ್ಕೆ ಮಾಡೆಲ್ 11 ಎಂಬ ಹೆಸರು ಬಂತು. 1926ರಲ್ಲಿ ಬ್ರೌನಿಂಗ್ ಕೊನೆಯುಸಿರೆಳೆದದ್ದು ಅದೇ ಹೆರ್ಸ್ಟಾಲ್ ಕಾರ್ಖಾನೆಯಲ್ಲಿ. ಕೋವಿ ಮಾತ್ರ ಮುಂದೆ ಜಪಾನಿನ ಮಿರೋಕು ಕಾರ್ಖಾನೆಗೆ ಹೋಗಿ, ಇಪ್ಪತ್ತನೇ ಶತಮಾನ ಮುಗಿಯುವವರೆಗೂ ತಯಾರಾಗುತ್ತಲೇ ಇತ್ತು. ಲೆಕ್ಕ ಇಪ್ಪತ್ತು ಲಕ್ಷ ದಾಟಿದೆ. ಹಾಗಾಗಿಯೇ ಹಳೇ ಕೋವಿಗಳ ಸಾಲಿನಲ್ಲಿ ಇದು ಇಂದಿಗೂ ಸಿಗುತ್ತದೆ, ನಾಲ್ಕೈದು ಜನರ ಕೈ ದಾಟಿ.

ಇದರೊಳಗೆ ನಡೆಯುವುದನ್ನು ಕಣ್ಣ ಮುಂದೆ ತಂದುಕೊಳ್ಳದೆ ದೋಷ ಹುಡುಕುವಂತಿಲ್ಲ. ಈಡು ಹಾರಿದೊಡನೆ ನಳಿಗೆಯೂ ಅದರ ಹಿಂದಿನ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಜಾರುತ್ತವೆ. ಹೌದು, ನಳಿಗೆಯೇ ಜಾರುತ್ತದೆ, ಅದೂ ಒಂದು ತೋಟೆಯ ಉದ್ದಕ್ಕಿಂತ ಹೆಚ್ಚು ದೂರ. ಕೊನೆ ಮುಟ್ಟಿದ ಮೇಲೆ ಬೋಲ್ಟ್ ಅಲ್ಲೇ ನಿಲ್ಲುತ್ತದೆ, ನಳಿಗೆಯೊಂದೇ ಸ್ಪ್ರಿಂಗಿನ ಬಲಕ್ಕೆ ಮುಂದಕ್ಕೆ ಹೋಗುತ್ತದೆ. ಖಾಲಿ ತೋಟೆ ಬೋಲ್ಟಿನ ಕೊಕ್ಕೆಯಲ್ಲಿ ಉಳಿದು, ಪಕ್ಕದ ಕಿಂಡಿಯಿಂದ ಹೊರಗೆ ಚಿಮ್ಮುತ್ತದೆ. ಕೆಳಗಿನ ಕೊಳವೆಯಿಂದ ಹೊಸ ತೋಟೆ ಮೇಲೇಳುತ್ತದೆ. ಆಮೇಲೆ ಬೋಲ್ಟ್ ಮುಂದೆ ಬಂದು ಅದನ್ನು ನಳಿಗೆಗೆ ತಳ್ಳಿ ಮುಚ್ಚಿಕೊಳ್ಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ. ಭುಜಕ್ಕೆ ಮಾತ್ರ ಗೊತ್ತಾಗುತ್ತದೆ, ಒಂದೇ ಈಡಿಗೆ ಎರಡು ತಳ್ಳು.

ನಡುವೆ ಎಲ್ಲಿ ನಿಂತಿತು ಎಂಬುದೇ ಮೊದಲ ಪ್ರಶ್ನೆ. ಖಾಲಿ ತೋಟೆ ನಳಿಗೆಯಲ್ಲೇ ಉಳಿಯಿತೋ? ಹೊರಬಂದು ಕಿಂಡಿಯಲ್ಲಿ ಸಿಕ್ಕಿತೋ? ಹೊರಗೆ ಬಿದ್ದರೂ ಹೊಸದು ಏಳಲಿಲ್ಲವೋ? ಎದ್ದರೂ ಬೋಲ್ಟ್ ಪೂರ್ತಿ ಮುಚ್ಚಲಿಲ್ಲವೋ? ಮುಚ್ಚಿದರೂ ಕೇಪು ಸಿಡಿಯಲಿಲ್ಲವೋ? 'ಜಾಮ್ ಆಗುತ್ತೆ' ಅನ್ನುವ ಮಾತು ವೈದ್ಯರ ಮುಂದೆ 'ಹುಷಾರಿಲ್ಲ' ಅಂದ ಹಾಗೆ. ಎಲ್ಲಿ ಅಂತ ಹೇಳಬೇಕು.

ಮರುದಿನ ಭಾವನ ಪರಿಚಯದ ಕೋವಿ ಕಮ್ಮಾರರಲ್ಲಿಗೆ ಹೋದೆವು. ಎಪ್ಪತ್ತು ದಾಟಿದ ಹಿರಿಯರು. ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ. ಕೋವಿ ಕೈಗೆ ತೆಗೆದುಕೊಂಡವರೇ ನಳಿಗೆಯ ಬಾಯನ್ನು ಗೋಡೆಯ ಕಡೆ ತಿರುಗಿಸಿ, ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ತೋಟೆ ಕೂರುವ ಗೂಡನ್ನು ಮುಟ್ಟಿ, ಕೆಳಗಿನ ಕೊಳವೆಯನ್ನೂ ಬೆರಳಲ್ಲಿ ಒತ್ತಿ ನೋಡಿದರು. ಭಾವ 'ಖಾಲಿ ಇದೆ' ಎಂದು ಆಗಲೇ ಎರಡು ಸಲ ಹೇಳಿದ್ದರು. ಅವರು ಕೇಳಿಸಿಕೊಂಡರು, ಆದರೂ ನೋಡಿದರು. ಕೋವಿ ಮುಟ್ಟುವವರಿಗೆ ಇರಬೇಕಾದ ನಡತೆ ಇದು ಎಂದು ನನಗೆ ಅನ್ನಿಸಿತು. ಅರೆಸ್ವಯಂಚಾಲಿತ ಕೋವಿಯಲ್ಲಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ಗೂಡು ಖಾಲಿಯಿದ್ದರೂ ಕೊಳವೆಯಲ್ಲಿ ತೋಟೆ ಉಳಿದಿರಬಹುದು. ಟ್ರಿಗರ್ ಎಳೆದು ಕ್ಲಿಕ್ ಎಂದರೂ ಈಡು ಹಾರದಿದ್ದರೆ, ಬಾಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ತೋಟೆಗಳಿವೆ.

ಆಮೇಲೆ ಅವರು ಕೋವಿಯನ್ನು ಬದಿಗಿಟ್ಟು, 'ಸಿಕ್ಕಿಹಾಕಿಕೊಂಡ ತೋಟೆ ಇಟ್ಟುಕೊಂಡಿದ್ದೀರಾ?' ಎಂದು ಕೇಳಿದರು. ಅದೃಷ್ಟಕ್ಕೆ ಭಾವನ ಕೋಟಿನ ಜೇಬಿನಲ್ಲಿ ಎರಡಿದ್ದವು. ಅವುಗಳ ಬಾಯಿಯನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಪ್ಲಾಸ್ಟಿಕ್ಕಿನ ಅಂಚು ಸಾಫಾಗಿ ಅರಳಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ ಹಾಗೆ ಎಳೆಎಳೆಯಾಗಿತ್ತು, ಒಂದು ಮಗ್ಗುಲಲ್ಲಿ ಕಿಂಡಿಯ ಅಂಚು ಒತ್ತಿದ ಗೆರೆ. ಡ್ರಾಯರಿನಿಂದ ಒಂದು ಅಳತೆಯ ಕಡ್ಡಿ ತೆಗೆದು ನಳಿಗೆಯ ಗೂಡಿಗೆ ಇಳಿಸಿದರು. 65 ಮಿಲಿಮೀಟರ್. ಭಾವನ ತೋಟೆಯ ಡಬ್ಬಿ ತಿರುಗಿಸಿದರು. 70 ಮಿಲಿಮೀಟರ್.

ಐದು ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳು.

'ಆದರೆ ತೋಟೆ ಸಲೀಸಾಗಿ ಒಳಗೆ ಹೋಗುತ್ತಲ್ಲ!' ಅಂದರು ಭಾವ. ಮೋಸ ಇರುವುದೇ ಅಲ್ಲಿ. ಡಬ್ಬಿಯ ಮೇಲೆ ಬರೆದ ಉದ್ದ, ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಸ ತೋಟೆಯಲ್ಲಿ ಆ ಬಾಯಿ ಒಳಕ್ಕೆ ಮಡಚಿಕೊಂಡಿರುತ್ತದೆ, ಆಗ ಅದು 60 ಮಿಲಿಮೀಟರಿನೊಳಗೇ ಇರುತ್ತದೆ. ಹಾಗಾಗಿ ಗಿಡ್ಡ ಗೂಡಿಗೂ ಜಾರಿಕೊಳ್ಳುತ್ತದೆ. ಹೊತ್ತಿಕೊಂಡಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆಗೆ ನುಗ್ಗುತ್ತದೆ. ಒತ್ತಡ ಏರುತ್ತದೆ, ಅಂಚು ಹರಿಯುತ್ತದೆ. ಹಿಂದಕ್ಕೆ ಬಂದ ಖಾಲಿ ತೋಟೆ ಈಗ 70 ಮಿಲಿಮೀಟರ್ ಉದ್ದ, ಹೊರಗೆ ಹೋಗಬೇಕಾದ ಕಿಂಡಿ 65ರ ತೋಟೆಗೆಂದು ಕೊರೆದದ್ದು. ಬಾಯಿ ಮುಂದಿನ ಅಂಚಿಗೆ ತಗುಲಿ ನಿಂತುಬಿಡುತ್ತದೆ. ಯುದ್ಧಕ್ಕೆ ಮುಂಚಿನ ಹದಿನಾರು ಬೋರಿನ ಯುರೋಪಿನ ಕೋವಿಗಳಿಗೆ 65ರ ಗೂಡು ಮಾಮೂಲು. ಇಂದು ಅಮೆರಿಕದ ಅಂಗಡಿಯಲ್ಲಿ ಸಿಗುವ ಹದಿನಾರರ ತೋಟೆ 70ರದ್ದು. ಕೋವಿಯಲ್ಲಿ ದೋಷವಿರಲಿಲ್ಲ, ತೋಟೆಯಲ್ಲೂ ಇರಲಿಲ್ಲ. ಇಬ್ಬರನ್ನೂ ಸೇರಿಸಿದ್ದೇ ತಪ್ಪು.

ಬೋರು ಎಂಬ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಪೌಂಡು ಸೀಸವನ್ನು ಸಮನಾದ ಹದಿನಾರು ಗುಂಡುಗಳಾಗಿ ಎರಕ ಹೊಯ್ದರೆ, ಒಂದು ಗುಂಡು ಸರಿಯಾಗಿ ಕೂರುವ ನಳಿಗೆ ಹದಿನಾರು ಬೋರಿನದು. ಹನ್ನೆರಡು ಮಾಡಿದರೆ ಗುಂಡು ದೊಡ್ಡದು, ನಳಿಗೆಯೂ ದೊಡ್ಡದು, ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಬೋರಿನ ತೋಟೆ ಹನ್ನೆರಡರ ನಳಿಗೆಗೆ ಬಿದ್ದರೆ ಹಿಂದೆ ನಿಲ್ಲದೆ ಒಳಕ್ಕೆ ಜಾರಿ ಮುಂದೆ ಕೂರುತ್ತದೆ. ಖಾಲಿಯೆಂದು ತಿಳಿದು ಹಿಂದೆ ಇನ್ನೊಂದನ್ನು ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಅಮೆರಿಕದಲ್ಲಿ ಇಪ್ಪತ್ತರ ತೋಟೆಗಳು ಹಳದಿ ಬಣ್ಣದಲ್ಲೇ ಇರಬೇಕೆಂಬ ಏರ್ಪಾಡು ಬಂದದ್ದು ಈ ಕಾರಣಕ್ಕೆ.

ಕಮ್ಮಾರರು ಅಲ್ಲಿಗೇ ನಿಲ್ಲಿಸಲಿಲ್ಲ. ಮುಂದಿನ ತಿರುಪು ಮುಚ್ಚಳ ಬಿಚ್ಚಿ, ನಳಿಗೆಯ ಕೆಳಗಿನ ಮರವನ್ನು ಕಳಚಿದರು. ಒಳಗಿಂದ ನೋಡಿದರೆ ಮರದಲ್ಲಿ ಕೂದಲೆಳೆಯಂಥ ಬಿರುಕು, ಬೆರಳಿನುದ್ದ. ಕೊಳವೆಯ ಮೇಲೆ ಭಾವ ಹೊಯ್ದ ಎಣ್ಣೆ ಹೊಳೆಯುತ್ತಿತ್ತು. ಅವರು ನಳಿಗೆ ತೆಗೆದು, ಕೊಳವೆಯ ಸುತ್ತ ಇದ್ದ ದೊಡ್ಡ ಸ್ಪ್ರಿಂಗನ್ನು ಮೇಲಕ್ಕೆತ್ತಿ, ಬುಡದಲ್ಲಿ ಕೂತಿದ್ದ ಒಂದು ಉಕ್ಕಿನ ಉಂಗುರವನ್ನು ಬೆರಳಿಂದ ತಟ್ಟಿದರು. 'ಇದು ಇಲ್ಲಿಗೆ ಹೇಗೆ ಬಂತು?'

ಇಡೀ ಕೋವಿಯ ಜೀವ ಆ ಉಂಗುರದಲ್ಲಿದೆ. ಅದಕ್ಕೆ ಜೊತೆಯಾಗಿ ಸೀಳಿದ ಬಳೆಯಂಥ ಒಂದು ಕಂಚಿನ ತುಂಡಿರುತ್ತದೆ. ಅದು ಸ್ಪ್ರಿಂಗಿನ ಮುಂದೆ ಕೊಳವೆಯನ್ನು ತಬ್ಬಿಕೊಂಡು ಕೂರುತ್ತದೆ. ನಳಿಗೆ ಹಿಂದೆ ಸರಿಯುವಾಗ ಅದರ ಅಡಿಗಿರುವ ಬಳೆಯ ಇಳಿಜಾರು ಅಂಚು ಕಂಚಿನ ತುಂಡನ್ನು ಅದುಮುತ್ತದೆ, ತುಂಡು ಕೊಳವೆಯನ್ನು ಬಿಗಿಯಾಗಿ ಹಿಡಿದು ಸೈಕಲ್ಲಿನ ಬ್ರೇಕಿನಂತೆ ಓಟ ತಗ್ಗಿಸುತ್ತದೆ. ಬಲವಾದ ತೋಟೆ ಬಳಸುವಾಗ ಉಕ್ಕಿನ ಉಂಗುರವನ್ನು ಕಂಚಿನ ತುಂಡಿಗೂ ಸ್ಪ್ರಿಂಗಿಗೂ ನಡುವೆ, ಇಳಿಜಾರು ಅಂಚು ಕಂಚಿನ ಕಡೆಗೆ ಬರುವಂತೆ ಇಡಬೇಕು. ಆಗ ಎರಡೂ ಕಡೆಯಿಂದ ಅದುಮಿ ಬ್ರೇಕು ಬಿಗಿಯಾಗುತ್ತದೆ. ಹಗುರ ತೋಟೆಗೆ ಅಷ್ಟು ಬ್ರೇಕು ಬೇಡ, ಆಗ ಉಂಗುರವನ್ನು ತೆಗೆದು ಸ್ಪ್ರಿಂಗಿನ ಬುಡಕ್ಕೆ ಹಾಕಿಡುತ್ತಾರೆ. ಕೆಲಸವಿಲ್ಲದಾಗ ಅದು ಕಳೆದುಹೋಗದಂತೆ ಇಡುವ ಜಾಗವೂ ಅದೇ. ನೂರಿಪ್ಪತ್ತು ವರ್ಷಗಳ ಹಿಂದೆ, ಒಂದು ಉಂಗುರದ ಜಾಗ ಬದಲಿಸಿದರೆ ಕೋವಿಯ ಸ್ವಭಾವವೇ ಬದಲಾಗುವಂತೆ ಯೋಚಿಸಿದ ಆ ಯೂಟಾದ ಕಮ್ಮಾರನಿಗೆ ಕೈ ಮುಗಿಯಬೇಕು.

ಈಗ ಕಥೆ ಬಿಚ್ಚಿಕೊಂಡಿತು. ಭಾವನಿಗಿಂತ ಹಿಂದಿನ ಯಾರೋ ಒಬ್ಬರಿಗೂ ಇದೇ ತೋಟೆ, ಇದೇ ತೊಂದರೆ. ಕೋವಿಗೆ ಓಟ ಸಾಲದು ಎಂದುಕೊಂಡು ಉಂಗುರವನ್ನು ಬುಡಕ್ಕೆ ಇಳಿಸಿದ್ದಾರೆ. ಒಂದಿಷ್ಟು ತೋಟೆಗಳು ಜೋರಿಗೆ ಕಿಂಡಿಯ ಅಂಚನ್ನು ಸವರಿಕೊಂಡೇ ಹೊರಬಿದ್ದಿರಬೇಕು. ಗೆದ್ದೆ ಎಂದುಕೊಂಡಿರಬೇಕು. ಭಾವನ ಕೈಗೆ ಬಂದ ಮೇಲೆ ಎಣ್ಣೆ. ಎಣ್ಣೆ ಬಿದ್ದ ಕೊಳವೆಯ ಮೇಲೆ ಇದ್ದ ಅಷ್ಟಿಷ್ಟು ಬ್ರೇಕೂ ಜಾರಿಹೋಯಿತು. ನಳಿಗೆ ಪ್ರತಿ ಈಡಿಗೂ ಹಿಂದಕ್ಕೆ ಹೋಗಿ ಅಪ್ಪಳಿಸತೊಡಗಿತು. ಮರ ಬಿರಿದದ್ದು ಅದಕ್ಕೆ. ರೋಗ ಒಂದು ಕಡೆ, ಇಬ್ಬರು ಕೊಟ್ಟ ಮದ್ದು ಇನ್ನೊಂದು ಕಡೆ, ಪೆಟ್ಟು ತಿಂದದ್ದು ಮೂರನೆಯ ಕಡೆ.

ಒಂದು ಮಾತನ್ನು ಒತ್ತಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಸಿಕ್ಕಿಹಾಕಿಕೊಳ್ಳುವ ಕೋವಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಉಂಗುರ ಬುಡದಲ್ಲಿದ್ದು, ಎಣ್ಣೆ ತೊಯ್ದು, ಬಲವಾದ ತೋಟೆಗಳನ್ನೆಲ್ಲ ಗಡಗಡನೆ ಹೊರಗೆಸೆಯುವ ಕೋವಿ ಹೇಳಿಕೊಳ್ಳುವುದಿಲ್ಲ. ಅದು ಚೆನ್ನಾಗಿ ಓಡುತ್ತಿದೆ ಎಂದು ನಾವು ಖುಷಿಯಲ್ಲಿರುವಾಗಲೇ ಒಳಗೊಳಗೆ ಜಜ್ಜಿಹೋಗುತ್ತಿರುತ್ತದೆ. ಹಳೇ ಆಟೋ-5 ಕೊಳ್ಳುವವರು ಅಂಗಡಿಯಲ್ಲೇ ಮಾಲೀಕರನ್ನು ಕೇಳಿ ಮರ ಬಿಚ್ಚಿಸಿ ಉಂಗುರ ಎಲ್ಲಿದೆಯೆಂದು ನೋಡಬೇಕು. ಮರದ ಒಳಮೈ, ಹಿಂಬದಿಯ ಹಿಡಿ ಕಬ್ಬಿಣಕ್ಕೆ ಸೇರುವ ಜಾಗ, ಇವೆರಡರಲ್ಲಿ ಬಿರುಕಿದ್ದರೆ ಆ ಕೋವಿಯನ್ನು ಹಿಂದಿನವರು ಹೇಗೆ ನಡೆಸಿಕೊಂಡರು ಎಂಬುದು ಗೊತ್ತಾಗುತ್ತದೆ. ಹಿಡಿಯೊಳಗೂ ಒಂದು ಸ್ಪ್ರಿಂಗಿದೆ, ಬೋಲ್ಟನ್ನು ಮುಂದಕ್ಕೆ ದೂಡುವಂಥದ್ದು. ಯಾರೂ ಅದನ್ನು ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ದಶಕಗಳ ಎಣ್ಣೆ ಅಲ್ಲಿ ಅಂಟಿನಂತಾಗಿ, ಚಳಿಯ ಬೆಳಿಗ್ಗೆ ಬೋಲ್ಟ್ ತೂಕಡಿಸುತ್ತ ಮುಚ್ಚಿಕೊಳ್ಳುತ್ತದೆ.

ಬೇರೆ ಜಾತಿಯ ಅರೆಸ್ವಯಂಚಾಲಿತ ಕೋವಿಗಳ ರೋಗ ಬೇರೆ. ರೆಮಿಂಗ್ಟನ್ 1100 ಬಂದದ್ದು 1963ರಲ್ಲಿ. ಅದರಲ್ಲಿ ನಳಿಗೆ ಜಾರುವುದಿಲ್ಲ. ಮದ್ದು ಉರಿದ ಅನಿಲದ ಒಂದು ಪಾಲು ನಳಿಗೆಯ ಸಣ್ಣ ತೂತುಗಳಿಂದ ಇಳಿದು ಪಿಸ್ಟನ್ನನ್ನು ತಳ್ಳುತ್ತದೆ. ಆ ಅನಿಲ ಸೋರದಂತೆ ಕೊಳವೆಯ ಮೇಲೆ ಒಂದು ರಬ್ಬರಿನ ಓ-ರಿಂಗ್. ಕುಕ್ಕರಿನ ಗ್ಯಾಸ್ಕೆಟ್ ಬಿರಿದರೆ ಸೀಟಿ ಬಾರದಿರುವ ಹಾಗೆ, ಆ ರಿಂಗ್ ಒಣಗಿ ಸೀಳಿದರೆ ಕೋವಿಗೆ ಉಸಿರು ಸಾಲದು. ತೂತುಗಳಲ್ಲಿ ಮಸಿ ಕಟ್ಟಿದರೂ ಅಷ್ಟೆ. ಬಿಚ್ಚಿ ಜೋಡಿಸುವಾಗ ಪಿಸ್ಟನ್ನಿನ ಬಳೆಗಳನ್ನು ತಿರುಗುಮುರುಗು ಹಾಕಿದವರೂ ಇದ್ದಾರೆ. ಒಂದು ಅಗ್ಗದ ರಬ್ಬರಿಗಾಗಿ ಒಳ್ಳೇ ಕೋವಿಯನ್ನು ಕೆಟ್ಟದ್ದೆಂದು ಮಾರಿಬಿಡುತ್ತಾರೆ. ನಮ್ಮಲ್ಲಿ ಬೈಕಿನಿಂದ ಹೆಸರಾದ ಬೆನೆಲ್ಲಿ ಮನೆತನವೇ 1967ರಲ್ಲಿ ಇಟಲಿಯ ಉರ್ಬಿನೋದಲ್ಲಿ ಕೋವಿ ಕಾರ್ಖಾನೆ ತೆರೆಯಿತು. ಅವರ ಕೋವಿ ಜಡತ್ವದಿಂದ ನಡೆಯುತ್ತದೆ. ಕೋವಿ ಹಿಂದೆ ಸರಿಯುವಾಗ ಬೋಲ್ಟಿನ ಭಾರ ಇದ್ದಲ್ಲೇ ನಿಲ್ಲಲು ನೋಡುತ್ತದೆ, ನಡುವಿನ ಗಟ್ಟಿ ಸ್ಪ್ರಿಂಗ್ ಅದುಮಿಕೊಂಡು ಮತ್ತೆ ಚಿಮ್ಮುತ್ತದೆ. ಅದಕ್ಕೆ ಕೋವಿ ಸರಿಯಲೇಬೇಕು. ದೇಹವನ್ನು ಗೋಡೆಗೆ ಆನಿಸಿ ಹೊಡೆದರೆ, ಇಲ್ಲವೇ ಭಾರದ ದೀಪ, ಪಟ್ಟಿ ತಗುಲಿಸಿದರೆ ಅದು ಮುಷ್ಕರ ಹೂಡಬಹುದು.

ಎಲ್ಲಕ್ಕಿಂತ ಭಯದ್ದು ವಿಂಚೆಸ್ಟರ್ 1911. ಬ್ರೌನಿಂಗನ ಪೇಟೆಂಟಿನಲ್ಲಿ ಬೋಲ್ಟನ್ನು ಹಿಂದಕ್ಕೆಳೆಯುವ ಹಿಡಿಕೆಯೂ ಸೇರಿತ್ತು. ಅವನನ್ನು ಬರಿಗೈಯಲ್ಲಿ ಕಳಿಸಿದ ಕಂಪನಿಗೆ ಈಗ ಹಿಡಿಕೆಯಿಲ್ಲದ ಕೋವಿ ಮಾಡಬೇಕಾಯಿತು. ಹಿಡಿಕೆಯ ಬದಲು ನಳಿಗೆಯನ್ನೇ ಹಿಡಿದು ಹಿಂದಕ್ಕೆ ದೂಡಬೇಕು. ಆ ಕಾಲದ ಕಾಗದದ ತೋಟೆ ತೇವಕ್ಕೆ ಉಬ್ಬಿ ಸಿಕ್ಕಿಕೊಂಡಾಗ ಜನ ಕೋವಿಯ ಬುಡವನ್ನು ನೆಲಕ್ಕೂರಿ, ನಳಿಗೆಯ ಬಾಯನ್ನು ತಮ್ಮ ಮುಖದ ನೇರಕ್ಕೆ ಹಿಡಿದು ಎರಡೂ ಕೈಯಿಂದ ಕೆಳಕ್ಕೆ ಒತ್ತಿದರು. ಅದಕ್ಕೆ ವಿಧವೆ ಮಾಡುವ ಕೋವಿ ಎಂಬ ಹೆಸರು ಬಿತ್ತು. ಆಘಾತ ತಡೆಯಲು ಒಳಗಿಟ್ಟ ನಾರಿನ ಬಿಲ್ಲೆಗಳು ಕಾಲ ಕಳೆದಂತೆ ಪುಡಿಯಾಗಿ, ಹಿಂದಿನ ಹಿಡಿಮರವೂ ಸೀಳುತ್ತದೆ. ಇಂಥದ್ದು ಅಗ್ಗಕ್ಕೆ ಸಿಕ್ಕರೆ ಗೋಡೆಗೆ ತೂಗುಹಾಕುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಓದುತ್ತಿರುವವರಿಗೆ ಇದನ್ನೂ ಹೇಳಬೇಕು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸುವುದಕ್ಕೆ, ಮಾರುವುದಕ್ಕೆ ಬೇಕಾದಂತೆ ದುರಸ್ತಿ ಮಾಡಿಕೊಡುವ ಕಸುಬಿಗೂ ಪರವಾನಗಿ ಬೇಕು. 6ನೇ ಕಲಂ ಪ್ರಕಾರ ನಳಿಗೆ ಮೊಟಕು ಮಾಡಲೂ ಪರವಾನಗಿ ಬೇಕು. ಒರೆಸುವುದು, ಎಣ್ಣೆ ಸವರುವುದು ಮನೆಯ ಕೆಲಸ. ಬಿಚ್ಚಿ ಅರ ಹಾಕುವುದು ಪರವಾನಗಿಯಿರುವ ಕೋವಿ ಅಂಗಡಿಯ ಕೆಲಸ.

ಕಮ್ಮಾರರು ಭಾವನ ಮುಂದೆ ಎರಡು ದಾರಿ ಇಟ್ಟರು. ಗೂಡನ್ನೂ ಕಿಂಡಿಯನ್ನೂ 70ಕ್ಕೆ ಹೊಂದುವಂತೆ ಉದ್ದ ಮಾಡಬಹುದು, ಹಾಗೆ ಮಾಡಿಸಿಕೊಂಡ ಕೋವಿಗಳು ಬೇಕಾದಷ್ಟಿವೆ. ಇಲ್ಲವೇ ಕೋವಿಯನ್ನು ಮುಟ್ಟದೆ 65ರ ತೋಟೆಯನ್ನೇ ಹುಡುಕಿ ತರಿಸಬಹುದು, ದುಡ್ಡು ಸ್ವಲ್ಪ ಜಾಸ್ತಿ. ಭಾವ ಎರಡನೆಯದನ್ನು ಆರಿಸಿದರು. ಕೊಳವೆಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ತೇವದ ಸುಳಿವು ಮಾತ್ರ ಉಳಿಸಿ, ಸ್ಪ್ರಿಂಗ್ ಬದಲಿಸಿ, ಬಿರುಕಿಗೆ ಅಂಟು ತುಂಬಿ ಬಿಗಿದು ಕಟ್ಟಿಟ್ಟರು. ಉಂಗುರವನ್ನು ಕಂಚಿನ ಪಕ್ಕಕ್ಕೆ ತಂದು, 'ಬಿಗಿಯಿಂದ ಶುರು ಮಾಡಿ. ಖಾಲಿ ತೋಟೆ ಹೊರಗೆ ಬೀಳದಿದ್ದರೆ ಆಗ ಇಳಿಸಿ' ಎಂದರು.

ನಾನು ಹೊರಡುವ ಹಿಂದಿನ ದಿನ ಮೈದಾನಕ್ಕೆ ಹೋಗಿದ್ದೆವು. ಭಾವ ಮೊದಲು ಒಂದೇ ತೋಟೆ ಹಾಕಿ ಹೊಡೆದರು. ಖಾಲಿ ತೋಟೆ ಬಲಕ್ಕೆ ಹಾರಿ ಎರಡು ಮಾರು ದೂರ ಬಿತ್ತು. ಎತ್ತಿ ನೋಡಿದೆ, ಬಾಯಿ ಹೂವಿನಂತೆ ಸಾಫಾಗಿ ಅರಳಿತ್ತು. ಆಮೇಲೆ ಎರಡು ಹಾಕಿದರು. ಒಂದು ತಟ್ಟೆ ಒಡೆಯಿತು, ಇನ್ನೊಂದು ತಪ್ಪಿತು, ತಪ್ಪಿದ್ದು ಭಾವನ ಗುರಿ.

ಆ ರಾತ್ರಿ ಮೇಜು ಮತ್ತೆ ಅಕ್ಕನಿಂದ ಕಡ ಪಡೆದು ಭಾವ ಕೋವಿ ಒರೆಸಿದರು. ಎಣ್ಣೆ ಡಬ್ಬಿಯನ್ನು ಕೈಗೆತ್ತಿ, ಒಂದೇ ತೊಟ್ಟು ಬಟ್ಟೆಗೆ ಬಿಟ್ಟುಕೊಂಡರು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಮುಂಚೆ ಚೀಟಿಯೊಂದರ ಮೇಲೆ ಬರೆದರು: 65 ಮಿ.ಮೀ. ತೋಟೆ ಮಾತ್ರ. ಉಂಗುರ ಕಂಚಿನ ಪಕ್ಕ. ಕೊಳವೆಗೆ ಎಣ್ಣೆ ಹೊಯ್ಯಬೇಡಿ.

'ನಿಮಗೆ ಮರೆಯುತ್ತೆ ಅಂತಲೋ ಭಾವ?'

'ನನಗಲ್ಲ ಮಾರಾಯ. ನನ್ನ ಆಮೇಲೆ ತಗೊಳ್ಳೋರಿಗೆ.'

ಚೀಟಿಯನ್ನು ನಾಲ್ಕಾಗಿ ಮಡಚಿ, ಪೆಟ್ಟಿಗೆಯ ಮಖಮಲ್ಲಿನ ಅಡಿಗೆ ತುರುಕಿದರು.